ಮುಳ್ಳಿನ ಮಾತು: ಎಂಜಿನ್ ಎಣ್ಣೆಯ ಒತ್ತಡದ ಕಥೆ



ಹಳೆಯ ಕಾರುಗಳನ್ನು ಪ್ರೀತಿಯಿಂದ ಸಾಕಿಕೊಂಡು ಬಂದಿರುವ ವಿದ್ಯಾರ್ಥಿಗಳು ನನಗೆ ಐದಾರು ಮಂದಿಯಾದರೂ ಇದ್ದಾರೆ. ಒಬ್ಬನ ಬಳಿ ತಂದೆಯ ಕಾಲದ ಅಂಬಾಸಿಡರ್, ಇನ್ನೊಬ್ಬನ ಬಳಿ ಮಾವನ ಮನೆಯಿಂದ ಬಂದ ಫಿಯೆಟ್. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಇವರಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆ ಒಂದೇ: "ಸಾರ್, ಆಯಿಲ್ ಪ್ರೆಶರ್ ಕಡಿಮೆ ತೋರಿಸ್ತಿದೆ, ಎಂಜಿನ್ ಬಿಚ್ಚಿಸಬೇಕಾ?" ಭೌತಶಾಸ್ತ್ರ ಹೇಳಿಕೊಟ್ಟ ಮೇಷ್ಟರಿಗೆ ಮೋಟಾರು ರಿಪೇರಿಯೂ ಗೊತ್ತಿರಲೇಬೇಕೆಂಬುದು ಅವರ ನಂಬಿಕೆ. ರಿಪೇರಿ ನನ್ನ ಕಸುಬಲ್ಲ. ಆದರೆ ಆ ಮುಳ್ಳು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದು ಭೌತಶಾಸ್ತ್ರದ ಪ್ರಶ್ನೆಯೇ ಹೌದು. ಅದಕ್ಕೊಂದು ಸ್ವಾರಸ್ಯವಾದ ಇತಿಹಾಸವೂ ಇದೆ. ಆ ಇತಿಹಾಸ ಬಲ್ಲವನು ಗ್ಯಾರೇಜಿನಲ್ಲಿ ಅಷ್ಟು ಬೇಗ ಗಾಬರಿಯಾಗುವುದಿಲ್ಲ, ಅಷ್ಟು ಬೇಗ ಮೈಮರೆಯುವುದೂ ಇಲ್ಲ.

ಕಥೆ ಆರಂಭವಾಗುವುದು ಕಾರಿನಿಂದಲ್ಲ, ರೈಲು ಗಾಡಿಯ ಅಚ್ಚಿನಿಂದ.

1883ರ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರಿಗೆ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯು ಒಂದು ಕೆಲಸವನ್ನು ವಹಿಸಿತ್ತು. ರೈಲ್ವೆ ಅಚ್ಚುಗಳಲ್ಲಿ ಘರ್ಷಣೆ ಎಷ್ಟು, ಎಣ್ಣೆ ಹಾಕಿದರೆ ಅದು ಎಷ್ಟು ತಗ್ಗುತ್ತದೆ ಎಂದು ಪ್ರಯೋಗ ಮಾಡಿ ಅಳೆಯುವ ಕೆಲಸ. ತಿರುಗುವ ಅಚ್ಚಿನ ಮೇಲೆ ಲೋಹದ ಅರ್ಧಬಳೆಯಂಥ ಬೇರಿಂಗು ಕುಳಿತಿರುತ್ತದೆ. ಬಂಡಿಯ ಭಾರವೆಲ್ಲ ಅದರ ಮೂಲಕ ಅಚ್ಚಿನ ಮೇಲೆ ಬೀಳುತ್ತದೆ. ಟವರ್ ತನ್ನ ಉಪಕರಣದಲ್ಲಿ ಅಚ್ಚಿನ ಕೆಳಭಾಗವು ಎಣ್ಣೆಯಲ್ಲಿ ಮುಳುಗಿ ತಿರುಗುವಂತೆ ಏರ್ಪಾಡು ಮಾಡಿದ್ದನು. ಪ್ರಯೋಗದ ನಡುವೆ ಅವನು, ಅಂದಿನ ವಾಡಿಕೆಯಂತೆ ಮೇಲಿನಿಂದ ಎಣ್ಣೆ ತೊಟ್ಟಿಕ್ಕಿಸಿದರೆ ಏನಾಗುತ್ತದೆಂದು ನೋಡಲು, ಬೇರಿಂಗಿನ ನೆತ್ತಿಯಲ್ಲಿ ಅರ್ಧ ಇಂಚಿನ ರಂಧ್ರವೊಂದನ್ನು ಕೊರೆಸಿದನು. ಯಂತ್ರವನ್ನು ಮತ್ತೆ ಓಡಿಸಿದಾಗ ನಡೆದದ್ದು ವಿಚಿತ್ರ. ಮೇಲಿನಿಂದ ಎಣ್ಣೆ ಒಳಕ್ಕೆ ಹೋಗುವುದಕ್ಕಾಗಿ ಮಾಡಿದ ರಂಧ್ರದಿಂದ ಒಳಗಿನ ಎಣ್ಣೆಯೇ ಉಕ್ಕಿ ಹೊರಕ್ಕೆ ಹರಿಯತೊಡಗಿತು! ಬಿರಡೆ ಹಾಕಿ ಮುಚ್ಚಿದರು. ಬಿರಡೆ ಹೊರಕ್ಕೆ ಬಂತು. ಮರದ ಗೂಟ ಹೊಡೆದರು. ಅದೂ ನಿಧಾನವಾಗಿ ಮೇಲೆದ್ದು ಬಂತು.

ಇಲ್ಲಿ ಬೇರೆಯವರಾಗಿದ್ದರೆ ಇನ್ನೂ ಬಿಗಿಯಾದ ಗೂಟವನ್ನು ಹುಡುಕುತ್ತಿದ್ದರೋ ಏನೋ. ಟವರ್ ಹಾಗೆ ಮಾಡಲಿಲ್ಲ. ಆ ರಂಧ್ರಕ್ಕೆ ಒಂದು ಒತ್ತಡಮಾಪಕವನ್ನು ತಿರುಪಿ ಕೂರಿಸಿದನು. ಅಚ್ಚಿನ ಮೇಲಿನ ಭಾರವನ್ನು ಬೇರಿಂಗಿನ ವಿಸ್ತಾರಕ್ಕೆ ಹಂಚಿದರೆ ಚದರ ಇಂಚಿಗೆ ಸರಾಸರಿ 100 ಪೌಂಡು ಬರುತ್ತಿತ್ತು. ಮಾಪಕದ ಮುಖದ ಮೇಲೆ ಗುರುತಿದ್ದದ್ದು 200 ಪೌಂಡಿನವರೆಗೆ. ಮುಳ್ಳು ಆ 200ನ್ನೂ ದಾಟಿ ಹೋಯಿತು. ಅಸಹಜವಾದ ಎಣ್ಣೆ ಒತ್ತಡದ ಸೂಚನೆಯನ್ನು ಮಾಪಕದ ದೋಷವೆಂದು ತಳ್ಳಿಹಾಕದೆ, ಹಾಗೆಂದು ಯಂತ್ರ ಕೆಟ್ಟಿತೆಂದು ಕೈಬಿಡದೆ, ಇದರ ಅರ್ಥವೇನೆಂದು ಕೇಳಿದ ಪ್ರಸಂಗಗಳಲ್ಲಿ ಇದಕ್ಕಿಂತ ಹಿರಿದಾದುದು ನನಗೆ ತಿಳಿಯದು.

ಅರ್ಥವನ್ನು ಬಿಡಿಸಿ ಹೇಳಿದವರು ಆಸ್‌ಬರ್ನ್ ರೆನಾಲ್ಡ್ಸ್. ಕಾಲೇಜಿನಲ್ಲಿ ದ್ರವಗಳ ಹರಿವನ್ನು ಓದಿದ ನನ್ನ ಶಿಷ್ಯರಿಗೆ 'ರೆನಾಲ್ಡ್ಸ್ ಸಂಖ್ಯೆ' ನೆನಪಿರಬಹುದು, ಅದೇ ಮಹನೀಯರು. ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1886ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟದ್ದು ಇಷ್ಟು: ತಿರುಗುವ ಅಚ್ಚು ತನಗೆ ಅಂಟಿದ ಎಣ್ಣೆಯನ್ನು ತನ್ನೊಂದಿಗೆ ಎಳೆದುಕೊಂಡು ಹೋಗಿ, ಅಚ್ಚಿಗೂ ಬೇರಿಂಗಿಗೂ ನಡುವೆ ಇರುವ, ಕ್ರಮೇಣ ಕಿರಿದಾಗುವ ಸಂದಿನೊಳಕ್ಕೆ ತುರುಕುತ್ತದೆ. ಹೊರಬರಲು ಎಡೆಯಿಲ್ಲದ ಎಣ್ಣೆಯಲ್ಲಿ ಒತ್ತಡ ಏರುತ್ತದೆ. ಆ ಒತ್ತಡವೇ ಭಾರವನ್ನು ಎತ್ತಿ ಹಿಡಿಯುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ. ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಮಳೆಗಾಲದಲ್ಲಿ ನೀರು ನಿಂತ ಟಾರು ರಸ್ತೆಯ ಮೇಲೆ ವೇಗವಾಗಿ ಹೋದ ಕಾರಿನ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲಿ ಜಾರುತ್ತದಲ್ಲ, ಅದೂ ಇದೇ ನಿಯಮ. ಅಲ್ಲಿ ಅದು ಅಪಾಯ, ಇಲ್ಲಿ ಅದೇ ಪ್ರಾಣ.

ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಶಾಫ್ಟನ್ನು ಎತ್ತಿ ಹಿಡಿಯುವ ಒತ್ತಡ ಪಂಪಿನಿಂದ ಬಂದದ್ದಲ್ಲ. ಶಾಫ್ಟು ತಿರುಗುವುದರಿಂದಲೇ ಹುಟ್ಟಿದ್ದು. ಕಾರಿನ ಪಂಪು ಮಾಡುವುದು ಎಣ್ಣೆಯನ್ನು ಬೇರಿಂಗಿನ ಬಾಗಿಲಿಗೆ ತಂದು ಮುಟ್ಟಿಸುವ ಕೆಲಸ. ನಮ್ಮ ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಆ ಬಾಗಿಲಿನ ಒತ್ತಡವನ್ನು ಮಾತ್ರ, ಒಳಮನೆಯ ಒತ್ತಡವನ್ನಲ್ಲ.

ಇನ್ನು ಆ ಮಾಪಕದ ಹುಟ್ಟು. ಪ್ಯಾರಿಸಿನ ಯೂಜೆನ್ ಬೂರ್ದೋನ್ 1849ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಅದಕ್ಕೆ ಮುಂಚೆ ಉಗಿಯ ಒತ್ತಡವನ್ನು ಅಳೆಯಲು ಪಾದರಸದ ಕೊಳವೆಯೇ ಗತಿ. 100 ಪೌಂಡು ಒತ್ತಡ ಅಳೆಯಬೇಕಾದರೆ ಐದು ಮೀಟರಿಗೂ ಹೆಚ್ಚು ಎತ್ತರದ ಪಾದರಸದ ಕಂಬ ಬೇಕು. ಲೆಕ್ಕ ಮಾಡಿ ನೋಡಿ, ಎಂಟನೆಯ ತರಗತಿಯ ಲೆಕ್ಕವೇ. ಅಂಥದನ್ನು ರೈಲ್ವೆ ಎಂಜಿನ್ನಿನ ಮೇಲೆ ಇಟ್ಟುಕೊಂಡು ಹೋಗುವುದುಂಟೇ? ಸುರುಳಿ ಸುತ್ತಿದ ಲೋಹದ ಕೊಳವೆಯೊಂದು ಕೆಲಸದ ವೇಳೆ ಅಪ್ಪಚ್ಚಿಯಾಗಿತ್ತು, ಅದನ್ನು ಸರಿಪಡಿಸಲು ಒಳಕ್ಕೆ ಒತ್ತಡ ಕೊಟ್ಟಾಗ ಸುರುಳಿಯೇ ಬಿಚ್ಚಿಕೊಳ್ಳತೊಡಗಿತು, ಅದನ್ನು ಕಂಡು ಬೂರ್ದೋನನಿಗೆ ಹೊಳೆಯಿತು ಎಂಬುದು ಪ್ರಸಿದ್ಧವಾದ ಕಥೆ. ಚಪ್ಪಟೆ ಕೊಳವೆಯನ್ನು ಕುಡುಗೋಲಿನಂತೆ ಬಾಗಿಸಿ ಒಂದು ತುದಿಯನ್ನು ಮುಚ್ಚಿ, ಇನ್ನೊಂದು ತುದಿಯಿಂದ ಒತ್ತಡ ಕೊಟ್ಟರೆ ಅದು ತುಸು ನೆಟ್ಟಗಾಗುತ್ತದೆ. ಆ ಚಲನೆಯನ್ನು ಸಣ್ಣ ಹಲ್ಲುಚಕ್ರ ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದಿದೊಡನೆ ಸುರುಳಿ ಬಿಚ್ಚಿಕೊಂಡು ಚಾಚುವ ಕಾಗದದ ಪೀಪಿಯೂ ಇದೇ ಜಾತಿಯದು. ಇಷ್ಟು ಸರಳವಾದುದರಿಂದಲೇ ಇದು ಇಂದಿಗೂ ಬಾಳಿದೆ. ನಿಮ್ಮೂರಿನ ಪಂಕ್ಚರ್ ಅಂಗಡಿಯ ಗಾಳಿ ಟ್ಯಾಂಕಿನ ಮೇಲೆ ಕುಳಿತಿರುವುದು ಬೂರ್ದೋನನ ಕೊಳವೆಯೇ.

ಆರಂಭದ ಕಾರುಗಳಿಗೆ ಈ ಭಾಗ್ಯವಿರಲಿಲ್ಲ. ನಮ್ಮ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿದ್ದುದು ನೆನಪಿದೆಯೇ? ಗಾಡಿ 'ಕೀರ್' ಎಂದಾಗ ಇಳಿದು ಅಚ್ಚಿಗೆ ಹಚ್ಚುವುದು. ಮೊದಮೊದಲ ಮೋಟಾರುಗಳದೂ ಸುಮಾರಾಗಿ ಅದೇ ಕ್ರಮ. ಡ್ಯಾಶ್‌ಬೋರ್ಡಿನ ಮೇಲೆ ಸಣ್ಣ ಗಾಜಿನ ಕಿಟಕಿಗಳಿದ್ದು, ಅವುಗಳ ಮೂಲಕ ಎಣ್ಣೆ ತೊಟ್ಟು ತೊಟ್ಟಾಗಿ ಎಂಜಿನ್ನಿಗೆ ಇಳಿಯುತ್ತಿತ್ತು. ಚಾಲಕನು ತೊಟ್ಟುಗಳನ್ನು ಎಣಿಸುತ್ತಿದ್ದನು. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆ ಪಂಪೂ ಇರಲಿಲ್ಲ, ಮಾಪಕವೂ ಇರಲಿಲ್ಲ. ಫ್ಲೈವೀಲು ಎಣ್ಣೆಯಲ್ಲಿ ತಿರುಗಿ ಚಿಮ್ಮಿಸುತ್ತಿತ್ತು, ಅಷ್ಟೇ. ಎಣ್ಣೆ ಇದೆಯೋ ಇಲ್ಲವೋ ತಿಳಿಯಲು ಕಾರಿನ ಕೆಳಗೆ ನುಸುಳಿ ಎರಡು ಸಣ್ಣ ನಲ್ಲಿಗಳನ್ನು ತಿರುಗಿಸಿ ನೋಡಬೇಕಾಗಿತ್ತು. ಆ ಎಂಜಿನ್ನು ಮೆಲ್ಲಗೆ ತಿರುಗುತ್ತಿದ್ದುದರಿಂದ ಅದು ಸಾಕಾಗುತ್ತಿತ್ತು.

ಪಂಪಿನಿಂದ ಎಣ್ಣೆಯನ್ನು ಒತ್ತಿ ಬೇರಿಂಗುಗಳಿಗೆ ಕಳಿಸುವ ಉಪಾಯ 1890ರಲ್ಲಿ ಬರ್ಮಿಂಗ್‌ಹ್ಯಾಮಿನ ಬೆಲ್ಲಿಸ್ ಕಾರ್ಖಾನೆಯ ವೇಗದ ಉಗಿ ಎಂಜಿನ್ನುಗಳಲ್ಲಿ ಬಂದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಲ್ಯಾಂಚೆಸ್ಟರ್ ಮೊದಲಾದವರು ಅದನ್ನು ಕಾರಿಗೆ ತಂದರು. ಪಂಪು ಬಂದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ಚಾಲಕನಿಗೆ ತಿಳಿಯುವುದು ಹೇಗೆ? ಹೀಗೆ ಬೂರ್ದೋನನ ಮಾಪಕ ರೈಲಿನಿಂದ ಕಾರಿಗೆ ಇಳಿಯಿತು. ಎಂಜಿನ್ನಿನಿಂದ ತೆಳುವಾದ ತಾಮ್ರದ ನಾಳವೊಂದು ಬಿಸಿ ಎಣ್ಣೆಯನ್ನೇ ಹೊತ್ತು ಡ್ಯಾಶ್‌ಬೋರ್ಡಿನವರೆಗೆ ಬರುತ್ತಿತ್ತು. ಆ ನಾಳ ಅದುರಿ ಅದುರಿ ಸೀಳಿದರೆ ಚಾಲಕನ ಪಾದದ ಮೇಲೆ ಎಣ್ಣೆಯ ಅಭಿಷೇಕ!

'ಸರಿಯಾದ ಒತ್ತಡ' ಎಂಬುದು ಎಲ್ಲ ಕಾರಿಗೂ ಒಂದೇ ಎಂದು ತಿಳಿದವರಿಗೆ ಹಳೆಯ ಷೆವರ್ಲೆ ಒಳ್ಳೆಯ ಪಾಠ. 1929ರಿಂದ ಬಂದ ಅದರ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ದಶಕಗಳ ಕಾಲ ಅರ್ಧ ಪಂಪು, ಅರ್ಧ ಚಿಮ್ಮುವಿಕೆ ಎಂಬ ಮಿಶ್ರ ಏರ್ಪಾಡಿತ್ತು. ಸಂಪಿನಲ್ಲಿದ್ದ ಸಣ್ಣ ಕೊಳವೆಗಳಿಂದ ಚಿಮ್ಮಿದ ಎಣ್ಣೆಯನ್ನು ಕನೆಕ್ಟಿಂಗ್ ರಾಡಿನ ತುದಿಯ ಸೌಟುಗಳು ಹಿಡಿದುಕೊಳ್ಳುತ್ತಿದ್ದವು. ಆ ಎಂಜಿನ್ನು ನೆಟ್ಟಗಿರುವಾಗಲೇ ಮಾಪಕ ತೋರುತ್ತಿದ್ದುದು ಸುಮಾರು 14 ಪೌಂಡು ಮಾತ್ರ. ಜನರಲ್ ಮೋಟರ್ಸ್ ಕಂಪನಿಯು 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ಷೆವರ್ಲೆಗಳನ್ನು ಜೋಡಿಸುತ್ತಿದ್ದುದರಿಂದ ಅವು ನಮ್ಮ ದೇಶದಲ್ಲಿಯೂ ಓಡಾಡಿದವು. ಬೇರೆ ಕಾರಿನ 50 ಪೌಂಡು ಕಂಡು ರೂಢಿಯಾದವನು ಇದನ್ನು ನೋಡಿದರೆ ಎದೆ ಧಸಕ್ಕೆನ್ನದೆ ಇರದು. ಆದ್ದರಿಂದ ಮೊದಲ ಮಾತು: ನಿಮ್ಮ ಕಾರಿನ ಕೈಪಿಡಿಯಲ್ಲಿ ಬರೆದಿರುವುದೇ ನಿಮ್ಮ ಕಾರಿಗೆ ಸಹಜ, ನೆರೆಮನೆಯವರ ಕಾರಿನದಲ್ಲ.

ನಮ್ಮ ಮನೆಗಳಿಗೆ ಬಂದ ಕಾರುಗಳ ವಿಚಾರಕ್ಕೆ ಬರುತ್ತೇನೆ. ಇಲ್ಲೊಂದು ಉಪಕಥೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ವಿದೇಶಗಳನ್ನು ಸುತ್ತಿ ಮೋಟಾರು ಕೈಗಾರಿಕೆಯನ್ನು ಅಭ್ಯಾಸ ಮಾಡಿ ಬಂದು, ವಾಲ್‌ಚಂದ್ ಹೀರಾಚಂದರೊಡನೆ ಕೂಡಿ ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆ ತೆರೆಯಬೇಕೆಂದು ಬಹಳ ಪ್ರಯತ್ನ ಪಟ್ಟರು. ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆಯಾಗಲಿಲ್ಲ. ವಾಲ್‌ಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅವರ ಕಾರಿನ ಕಂಪನಿ ಪ್ರೀಮಿಯರ್ 1944ರಲ್ಲಿ ಮುಂಬಯಿಯಲ್ಲಿ ತಲೆಯೆತ್ತಿತು. 2001ರವರೆಗೆ ಬಂದ ಪದ್ಮಿನಿ, ಅಂದರೆ ನಾವೆಲ್ಲ ಫಿಯೆಟ್ ಎಂದೇ ಕರೆಯುತ್ತಿದ್ದ ಕಾರು, ಅಲ್ಲಿಯದು. ಅಂಬಾಸಿಡರ್ ಬಂಗಾಳದ ಉತ್ತರಪಾಡಾದಲ್ಲಿ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಮೂಡಿ 1950ರ ದಶಕದ ಕೊನೆಯಿಂದ 2014ರವರೆಗೆ ಬಾಳಿತು.

ಅಂಬಾಸಿಡರಿನಲ್ಲಿ ದೀರ್ಘಕಾಲ ಇದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ-ಶ್ರೇಣಿಯದು. ಅದೇ ಕುಟುಂಬದ ದೊಡ್ಡ ಎಂಜಿನ್ನು ಹಾಕಿದ ಎಂ.ಜಿ.ಬಿ. ಎಂಬ ಕಾರಿನ ಕೈಪಿಡಿ ಹೇಳುವುದು ಹೀಗೆ: ಓಡುವಾಗ 50ರಿಂದ 80 ಪೌಂಡು, ಬಿಸಿಯಾಗಿ ನಿಂತಲ್ಲೇ ಮೆಲ್ಲಗೆ ತಿರುಗುವಾಗ 10ರಿಂದ 25 ಪೌಂಡು. ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಬೆಳಿಗ್ಗೆ ಮನೆಯಿಂದ ಹೊರಟಾಗ 60 ತೋರಿದ ಮುಳ್ಳು ಆಗುಂಬೆ ಘಾಟಿ ಹತ್ತಿ ನಿಂತಾಗ 15ಕ್ಕೆ ಇಳಿದರೆ ಅದು ರೋಗವಲ್ಲ. ಎಣ್ಣೆ ಕಾದು ತೆಳ್ಳಗಾಗಿದೆ, ಪಂಪು ಮೆಲ್ಲಗೆ ತಿರುಗುತ್ತಿದೆ. ಒಂದು ಸಾವಿರ ಸುತ್ತಿಗೆ ಹತ್ತು ಪೌಂಡು ಇದ್ದರೆ ಸಾಕೆಂಬುದು ಹಳೆಯ ಮೆಕ್ಯಾನಿಕ್ಕುಗಳ ಸ್ಥೂಲ ಲೆಕ್ಕ.

ಈಗ ಭೌತಶಾಸ್ತ್ರ. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಹರಿವನ್ನು ಹುಟ್ಟಿಸುತ್ತದೆ. ಹರಿವಿಗೆ ಅಡ್ಡಿಯಾದಾಗ ಒತ್ತಡ ಹುಟ್ಟುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸದಿಂದ ಚಿಮ್ಮುವುದಿಲ್ಲವೇ? ಎಂಜಿನ್ನಿನಲ್ಲಿ ಆ ಹೆಬ್ಬೆರಳಿನ ಕೆಲಸವನ್ನು ಮಾಡುವುದು ಬೇರಿಂಗುಗಳ ಕಿರಿದಾದ ಸಂದು. ಹೊಸ ಎಂಜಿನ್ನಿನಲ್ಲಿ ಈ ಸಂದು ಇಂಚಿನ ಸಾವಿರದ ಒಂದೆರಡು ಭಾಗದಷ್ಟು. ಲಕ್ಷಾಂತರ ಮೈಲಿ ಓಡಿ ಸವೆದಾಗ ಸಂದು ಅಗಲವಾಗುತ್ತದೆ, ಎಣ್ಣೆ ಸಲೀಸಾಗಿ ಸೋರಿಹೋಗುತ್ತದೆ, ಒತ್ತಡ ಬೀಳುತ್ತದೆ. ಇಲ್ಲೊಂದು ಕ್ರೂರವಾದ ಗಣಿತವಿದೆ. ಇಂಥ ತೆಳುವಾದ ಸಂದಿನಲ್ಲಿ ಸೋರಿಕೆ ಸಂದಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಸಂದು ಎರಡರಷ್ಟಾದರೆ, ಒತ್ತಡ ಅಷ್ಟೇ ಇದ್ದಲ್ಲಿ, ಸೋರಿಕೆ ಎರಡರಷ್ಟಲ್ಲ, ಎಂಟರಷ್ಟು. ಹಳೆಯ ಎಂಜಿನ್ನು ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಯ ಕೆಲವು ತಿಂಗಳಲ್ಲಿ ಮುಳ್ಳು ತಟಕ್ಕನೆ ಇಳಿಯುವಂತೆ ಕಾಣುವುದಕ್ಕೆ ಇದೊಂದು ಕಾರಣ.

ಹಾಗಾದರೆ ಮುಳ್ಳು ಇಳಿದರೆ ಬೇರಿಂಗು ಸವೆದಿದೆಯೆಂದೇ ಅರ್ಥವೇ? ಇಲ್ಲ. ಇದಕ್ಕೆ ನಾನು ಕಣ್ಣಾರೆ ಕಂಡ ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಒಂದು, ಬಾಡಿಗೆಗೆ ಅಂಬಾಸಿಡರ್ ಓಡಿಸುತ್ತಿದ್ದ ನನ್ನ ಶಿಷ್ಯನೊಬ್ಬನದು. ಕಾರೇ ಅವನ ಅನ್ನ. ಒಂದು ದಿನ ಮುಳ್ಳು ಸೊನ್ನೆಯ ಬಳಿ ಬಂದು ಕುಳಿತಿತು. ಗ್ಯಾರೇಜೊಂದರಲ್ಲಿ ಕ್ರ್ಯಾಂಕ್ ಹೊರತೆಗೆದು ಬೇರಿಂಗು ಹಾಕಿಸಬೇಕೆಂದು ಎಸ್ಟಿಮೇಟ್ ಬರೆದುಕೊಟ್ಟರು. ಹೆಂಡತಿಯ ಬಳೆ ಅಡವಿಡುವ ಯೋಚನೆಯಲ್ಲಿದ್ದವನು ನಡುವೆ ನನ್ನ ಬಳಿ ಬಂದನು. ಎಂಜಿನ್ನಿನಲ್ಲಿ ಯಾವ ಸದ್ದೂ ಇರಲಿಲ್ಲ. ಲಾರಿ ಮೆಕ್ಯಾನಿಕ್ಕೊಬ್ಬರ ಬಳಿ ಇದ್ದ ಹಳೆಯ ಬೂರ್ದೋನ್ ಮಾಪಕವನ್ನು ಎರವಲು ತಂದು, ಎಂಜಿನ್ನಿನ ಮೈಮೇಲಿದ್ದ ವಿದ್ಯುತ್ ಸೆಂಡರನ್ನು ಬಿಚ್ಚಿ ಅದೇ ಜಾಗಕ್ಕೆ ಕೂರಿಸಿದೆವು. ಬಿಸಿ ಎಂಜಿನ್ನಿನಲ್ಲಿ ಮೆಲ್ಲಗೆ ತಿರುಗುವಾಗ 18, ವೇಗ ಕೊಟ್ಟಾಗ 50. ಕೆಟ್ಟಿದ್ದದ್ದು ಹೆಬ್ಬೆಟ್ಟಿನ ಗಾತ್ರದ ಆ ಸೆಂಡರು ಮಾತ್ರ. ಬಳೆಗಳು ಉಳಿದವು.

ಎರಡನೆಯದು ನಮ್ಮ ಬಂಧುಗಳೊಬ್ಬರ ಫಿಯೆಟ್. ಅದರಲ್ಲಿ ಮುಳ್ಳಿರಲಿಲ್ಲ, ಕೆಂಪು ದೀಪ ಮಾತ್ರ. ದೂರ ಓಡಿ ನಿಂತಾಗ ದೀಪ ಮಿಣುಕುತ್ತಿತ್ತು. "ಸ್ವಿಚ್ ಹೋಗಿದೆ, ಈ ಕಾರಿನಲ್ಲಿ ಇದು ಮಾಮೂಲು" ಎಂದು ಯಾರೋ ಹೇಳಿ ತಂತಿಯನ್ನೇ ಕಿತ್ತುಬಿಟ್ಟರು. ದೀಪ ಆರಿತು, ಮನೆಯವರಿಗೆ ಸಮಾಧಾನವಾಯಿತು. ಸಕಲೇಶಪುರ ದಾಟಿ ಘಾಟಿ ಇಳಿದು ಬರುವಾಗ ಎಂಜಿನ್ನಿನೊಳಗೆ ಸುತ್ತಿಗೆ ಬಡಿದಂತೆ ಸದ್ದು ಶುರುವಾಗಿ, ಒಂದು ಕನೆಕ್ಟಿಂಗ್ ರಾಡಿನ ಬೇರಿಂಗು ಕರಗಿ, ಕ್ರ್ಯಾಂಕ್ ಗೀರಿಹೋಗಿತ್ತು. ಮಕ್ಕಳು ಮರಿಗಳೊಡನೆ ಅವರು ಮಳೆಯಲ್ಲಿ ರಾತ್ರಿಯೆಲ್ಲ ರಸ್ತೆಯ ಬದಿಯಲ್ಲಿ ಕಳೆದರು.

ಲಕ್ಷಣ ಒಂದೇ, ನಿಜ ತದ್ವಿರುದ್ಧ. ಒಂದೆಡೆ ಸುಳ್ಳು ಸಾಕ್ಷಿಯನ್ನು ನಂಬಿ ಆರೋಗ್ಯವಂತನ ಹೊಟ್ಟೆ ಕೊಯ್ಯಲು ಹೊರಟಿದ್ದರು. ಇನ್ನೊಂದೆಡೆ ನಿಜ ಹೇಳಿದ ಸಾಕ್ಷಿಯ ಬಾಯಿ ಕಟ್ಟಿದರು. ಎರಡನ್ನೂ ಬೇರ್ಪಡಿಸಬಹುದಾಗಿದ್ದ ಪರೀಕ್ಷೆ ಅರ್ಧ ಗಂಟೆಯದು: ಇನ್ನೊಂದು ಮಾಪಕವನ್ನು ನೇರವಾಗಿ ಎಂಜಿನ್ನಿಗೆ ಕೂರಿಸಿ ನೋಡುವುದು. 1883ರಲ್ಲಿ ಟವರ್ ಮಾಡಿದ್ದೂ ಅದನ್ನೇ ಅಲ್ಲವೇ!

ಆದರೆ ಮಾಪಕ ತರುವ ಮುಂಚೆ ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಿ. ಮಟ್ಟ ತುಸು ಇಳಿದ ಮಾತ್ರಕ್ಕೆ ಒತ್ತಡ ಇಳಿಯುವುದಿಲ್ಲ. ಪಂಪಿನ ಬಾಯಿ ಎಣ್ಣೆಯ ಬದಲು ಗಾಳಿ ಎಳೆಯತೊಡಗಿದಾಗ ಮುಳ್ಳು ಒಮ್ಮೆಲೇ ಕುಸಿಯುತ್ತದೆ. ತಿರುವಿನಲ್ಲಿ, ಬ್ರೇಕು ಹಾಕಿದಾಗ ಮಾತ್ರ ಮುಳ್ಳು ಬಿದ್ದು ಮತ್ತೆ ಏಳುತ್ತಿದ್ದರೆ ಇದೇ ಕಾರಣವಿರಬಹುದು. ಮಟ್ಟ ಏರಿದ್ದರೆ? ಹೌದು, ಕೆಲವೊಮ್ಮೆ ಎಣ್ಣೆ ಹಾಕದೆಯೇ ಮಟ್ಟ ಏರುತ್ತದೆ! ಸಂತೋಷ ಪಡಬೇಡಿ. ಕಡ್ಡಿಯನ್ನು ಮೂಸಿ ನೋಡಿ. ಎಂಜಿನ್ನಿನ ಪಕ್ಕದಲ್ಲಿ ಕೂರಿಸಿದ ಯಾಂತ್ರಿಕ ಪೆಟ್ರೋಲ್ ಪಂಪಿನ ಪೊರೆ ಹರಿದರೆ ಪೆಟ್ರೋಲು ಮೆಲ್ಲಗೆ ಸಂಪಿಗೆ ಇಳಿಯುತ್ತದೆ. ಎಣ್ಣೆ ನೀರಾಗುತ್ತದೆ, ಒತ್ತಡ ಬೀಳುತ್ತದೆ. ಇದನ್ನು ಬೇರಿಂಗಿನ ಸವೆತವೆಂದು ಭಾವಿಸಿ ಎಂಜಿನ್ ಬಿಚ್ಚಿದರೆ ದುಡ್ಡೂ ಹೋಯಿತು, ಹರಿದ ಪೊರೆಯೂ ಹಾಗೆಯೇ ಉಳಿಯಿತು. ಎಣ್ಣೆ ಪೆಟ್ರೋಲಿನ ವಾಸನೆ ಹೊಡೆಯುತ್ತಿರುವಾಗ ಆ ಕಾರನ್ನು ಓಡಿಸಲೇಬಾರದು, ಬೆಂಕಿಯ ಭಯವೂ ಉಂಟು.

ಇದೆಲ್ಲ ಸರಿಯಿದ್ದು, ಎರಡನೆಯ ಮಾಪಕವೂ ಕಡಿಮೆಯನ್ನೇ ತೋರಿದರೆ, ಅಗ್ಗದ ಅನುಮಾನಗಳಿಂದ ತುಟ್ಟಿಯ ಅನುಮಾನಗಳ ಕಡೆಗೆ ಹೋಗಬೇಕು. ಫಿಲ್ಟರು, ಎಣ್ಣೆಯ ದರ್ಜೆ. ಆಮೇಲೆ ರಿಲೀಫ್ ವಾಲ್ವು. ಇದು ಸ್ಪ್ರಿಂಗಿನ ಮೇಲೆ ಕುಳಿತ ಸಣ್ಣ ಮುಚ್ಚಳ. ಒತ್ತಡ ಮಿತಿ ಮೀರಿದಾಗ ತೆರೆದುಕೊಂಡು ಹೆಚ್ಚಿನ ಎಣ್ಣೆಯನ್ನು ಸಂಪಿಗೆ ಬಿಡುತ್ತದೆ. ಒಂದು ಚೂರು ಕಸ ಸಿಕ್ಕಿ ಅದು ಅರ್ಧ ತೆರೆದೇ ನಿಂತರೆ ಇಡೀ ಎಂಜಿನ್ನಿನ ಒತ್ತಡ ಅಲ್ಲಿಂದಲೇ ಸೋರಿಹೋಗುತ್ತದೆ. ಬಿಚ್ಚಿ ಒರೆಸಿದರೆ ಗುಣ. ನಂತರ ಸಂಪಿನೊಳಗಿನ ಜಾಲರಿ, ಪಂಪು. ಕಟ್ಟಕಡೆಗೆ ಬೇರಿಂಗು. ಬೇರಿಂಗು ಸವೆದ ಎಂಜಿನ್ನಿಗೆ ತನ್ನದೇ ಆದ ನಡತೆಯಿದೆ: ತಣ್ಣಗಿರುವಾಗ ಒತ್ತಡ ಚೆನ್ನಾಗಿಯೇ ಇರುತ್ತದೆ, ಬಿಸಿಯಾಗಿ ಮೆಲ್ಲಗೆ ತಿರುಗುವಾಗ ಪಾತಾಳಕ್ಕಿಳಿಯುತ್ತದೆ, ಭಾರ ಬಿದ್ದಾಗ ಒಳಗಿನಿಂದ ಮಂದವಾದ ಬಡಿತ ಕೇಳಿಸುತ್ತದೆ. ಮುಳ್ಳೂ ಕಿವಿಯೂ ಒಂದೇ ಮಾತು ಹೇಳಿದರೆ ಆಗ ಬಿಚ್ಚಿಸಿ.

ಇಲ್ಲಿ ಎರಡು ಕುಯುಕ್ತಿಗಳ ಬಗ್ಗೆ ಎಚ್ಚರಿಸಬೇಕು. ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ವಾಷರ್ ಇಟ್ಟು ಒತ್ತಡ ಏರಿಸಿಕೊಡುತ್ತೇವೆಂದು ಹೇಳುವವರುಂಟು. ವಾಲ್ವು ಸರಿಯಾಗಿದ್ದರೆ ಅದು ತೆರೆಯುವುದೇ ಒತ್ತಡ ಹೆಚ್ಚಾದಾಗ. ನಿಂತಲ್ಲಿ 8 ಪೌಂಡು ತೋರುವ ಎಂಜಿನ್ನಿನಲ್ಲಿ ಅದು ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗಣಿ ಹಾಕಿದರೆ ಏನು ಬಂತು? ಇನ್ನೊಂದು, ಹಳೆಯ ಕಾರು ಮಾರುವಾಗ ದಲ್ಲಾಳಿಗಳು ಜೇನಿನಂಥ ಮಂದ ಎಣ್ಣೆ ಸುರಿಯುವುದು. ಮುಳ್ಳು ಮೇಲೇಳುತ್ತದೆ, ಬಡಿತ ಅಡಗುತ್ತದೆ, ಕೊಂಡವನು ಒಂದೆರಡು ತಿಂಗಳಲ್ಲಿ ಅಳುತ್ತಾನೆ. ಹಳೆಯ ಕಾರು ಕೊಳ್ಳಹೋಗುವಾಗ ಎಂಜಿನ್ ತಣ್ಣಗಿರುವಾಗಿನ ಮುಳ್ಳನ್ನು ನೋಡಿ ಮರುಳಾಗದಿರಿ. ಹತ್ತು ಮೈಲಿ ಓಡಿಸಿ, ಬಿಸಿ ಮಾಡಿ, ಅನಂತರ ನೋಡಿ.

ಒತ್ತಡ ಅತಿಯಾಗುವುದು ಅಪರೂಪ. ಚಳಿಯ ಮುಂಜಾನೆ ಮುಳ್ಳು ಏರಿ, ಬಿಸಿಯಾದಂತೆ ಇಳಿದರೆ ಸಹಜ. ಬಿಸಿಯಾದ ಮೇಲೂ ಇಳಿಯದಿದ್ದರೆ ರಿಲೀಫ್ ವಾಲ್ವು ಮುಚ್ಚಿಕೊಂಡೇ ಅಂಟಿರಬಹುದು, ಎಲ್ಲೋ ದಾರಿ ಕಟ್ಟಿರಬಹುದು, ಇಲ್ಲವೇ ಸೆಂಡರಿನ ತಂತಿಯದೇ ದೋಷ. ದಾರಿ ಕಟ್ಟಿದ್ದರೆ ಮುಳ್ಳು ಗಗನದಲ್ಲಿದ್ದರೂ ಆಚೆಗಿನ ಬೇರಿಂಗು ಎಣ್ಣೆಯಿಲ್ಲದೆ ಒಣಗುತ್ತಿರುತ್ತದೆ. ಬಾಗಿಲು, ಒಳಮನೆ ಎಂದು ಮೊದಲು ಹೇಳಿದ್ದು ಇದಕ್ಕಾಗಿಯೇ.

ಕೊನೆಗೆ ದೀಪದ ಕಥೆ. ಮುಳ್ಳನ್ನು ತೆಗೆದು ದೀಪ ಇಡುವ ಪದ್ಧತಿಯನ್ನು ಅಮೆರಿಕದ ಹಡ್ಸನ್ ಕಂಪನಿ 1930ರ ದಶಕದಲ್ಲಿಯೇ ತಂದಿತು; ಮುಂದೆ ಎಲ್ಲರೂ ಅನುಸರಿಸಿದರು. ಅಲ್ಲಿನ ಕಾರುಪ್ರಿಯರು ಅದಕ್ಕೆ ಇಟ್ಟ ಹೆಸರು 'ಪೆದ್ದರ ದೀಪ'. ಹೆಸರು ಒರಟಾದರೂ ದೂರಿನಲ್ಲಿ ಹುರುಳಿದೆ. ಆ ದೀಪದ ಸ್ವಿಚ್ಚು ಸಾಮಾನ್ಯವಾಗಿ 5ರಿಂದ 7 ಪೌಂಡಿನ ಆಸುಪಾಸಿನಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ. ಹೆದ್ದಾರಿಯಲ್ಲಿ 50 ಇರಬೇಕಾದ ಒತ್ತಡ 20ಕ್ಕೆ ಬಿದ್ದರೂ ಅದು ಕಣ್ಣು ತೆರೆಯುವುದಿಲ್ಲ. ಮುಳ್ಳು ತಿಂಗಳುಗಟ್ಟಲೆ ಮುಂಚಿತವಾಗಿ ಹೇಳುವುದನ್ನು ದೀಪ ಕೊನೆಯ ಗಳಿಗೆಯಲ್ಲಿ ಹೇಳುತ್ತದೆ. ಓಡುತ್ತಿರುವಾಗ ಕೆಂಪು ದೀಪ ಹೊತ್ತಿದರೆ "ಮುಂದಿನ ಊರಿಗೆ ಹೋಗಿ ನೋಡೋಣ" ಎನ್ನಬಾರದು. ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು.

ಇದಕ್ಕಿಂತ ವಿಚಿತ್ರವಾದುದು ಆಮೇಲೆ ನಡೆಯಿತು. ನಿಜವಾದ ಮುಳ್ಳು ಇಡೀ ದಿನ ಏರಿಳಿಯುತ್ತದೆ. ಅದನ್ನು ಕಂಡು ಗಾಬರಿಯಾದ ಮಾಲೀಕರು ಕಾರು ಕೆಟ್ಟಿದೆಯೆಂದು ದೂರು ತರುತ್ತಿದ್ದರಂತೆ. ಅದಕ್ಕೆ ಕೆಲವು ತಯಾರಕರು ಹೂಡಿದ ಉಪಾಯವೇನು ಗೊತ್ತೇ? ಮುಳ್ಳಿನ ಹಿಂದೆ ಒತ್ತಡ ಅಳೆಯುವ ಸೆಂಡರಿನ ಬದಲು ದೀಪದ್ದೇ ಜಾತಿಯ ಸ್ವಿಚ್ಚು! 1990ರ ದಶಕದ ನಡುವಿನಿಂದ ಮಾಜ್ದಾ ಎಂ.ಎಕ್ಸ್-5 ಕಾರಿನಲ್ಲಿ ಬಂದದ್ದು ಹೀಗೆಯೇ. ಫೋರ್ಡಿನ ಕೆಲವು ಗಾಡಿಗಳಲ್ಲಿ ಅದಕ್ಕೂ ಮುಂಚೆಯೇ ಬಂದಿತ್ತು. ಕನಿಷ್ಠ ಒತ್ತಡವಿದ್ದರೆ ಮುಳ್ಳು ಎದ್ದು ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ನಡುವಿನ ಮಾತೇ ಇಲ್ಲ. ಅಂಥ ಕಾರುಗಳೂ ಈಗ ಹಳೆಯ ಕಾರುಗಳೇ ಆದವಲ್ಲ. ನಿಮ್ಮ ಕಾರಿನ ಮುಳ್ಳು ಯಾವ ಜಾತಿಯದೆಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಒಮ್ಮೆ, ಒಂದು ಗಂಟೆ ಓಡಿಸಿ ನಿಂತು ಮೆಲ್ಲಗೆ ತಿರುಗುವಾಗ ಇನ್ನೊಮ್ಮೆ, ಮುಳ್ಳು ನಿಂತ ಜಾಗವನ್ನು ಒಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ಎರಡೂ ಗುರುತು ಒಂದೇ ಕಡೆ ಬಿದ್ದರೆ ಅದು ಮುಳ್ಳಿನ ವೇಷ ಹಾಕಿದ ದೀಪ; ಪೇಟೆಯಿಂದ ಒಂದು ನಿಜವಾದ ಮಾಪಕ ತಂದು ಹಾಕಿಸಿಕೊಳ್ಳಿ.